ಮೊಗ ಇಳಿಸಿಟ್ಟ ಚನಬಸಪ್ಪ ಕಾಕಾ

ಚನಬಸಪ್ಪ ಕಾಕಾನ ಎರಡು ಹುಬ್ಬುಗಳ ನಡುವೆ, ಮೂಗು ಶುರುವಾಗುವಲ್ಲಿ, ಹೆಬ್ಬೆರಳು ಇಡುವಷ್ಟು ಒಂದು ತಗ್ಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಹಿತ್ತಾಳೆಯ ಭಾರ ಕೂತು ಕೂತು ಆದದ್ದು. ಅಲ್ಲಿಯ ಚರ್ಮ ಎತ್ತಿನ ಹೆಗಲ ಮೇಲೆ ನೊಗ ಕೂರುವ ಜಾಗದ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಊರ ಮಕ್ಕಳು ಅವನ ತೊಡೆ ಏರಿದರೆ ಮೊದಲು ಬೆರಳು ಇಡುತ್ತಿದ್ದದ್ದು ಅಲ್ಲಿಗೇ. ಅವನೂ ಬೇಡವೆನ್ನದೆ ಕಣ್ಣು ಮುಚ್ಚಿ ಕೂರುತ್ತಿದ್ದ. ಅವನ ಹೆಂಡತಿ ಶಾಂತವ್ವ ಮಾತ್ರ, "ದೇವರು ಕುಂದ್ರೂ ಜಾಗಾ ಅದು, ತಗೀರ್ಲೇ ಕೈ" ಎಂದು ಬೈಯುತ್ತಿದ್ದಳು.

ಕಾಕಾನಿಗೆ ಎರಡು ಉದ್ಯೋಗ. ಎಂಬತ್ತರ ದಶಕ ಅದು. ಬೀಸುವ ಕಲ್ಲುಗಳು ಮೂಲೆ ಸೇರಿ ಊರಿಗೊಂದು ಹಿಟ್ಟಿನ ಗಿರಣಿ ಬಂದಿತ್ತು. ಬೆಣ್ಣಿಹಳ್ಳದ ದಂಡೆಯ ನಮ್ಮೂರಿನ ಗಿರಣಿ ಕಾಕಾನದು. ವಾರವೆಲ್ಲ ಅಲ್ಲಿ ಜೋಳ ಬೀಸುತ್ತಿದ್ದ. ಯಾರ ಮನೆಯಲ್ಲಾದರೂ ಮದುವೆ ಬಂತೆಂದರೆ ಅವನು ಪುರವಂತ. ನಮ್ಮ ಕಡೆಯ ಲಿಂಗವಂತರ ಮನೆಗಳಲ್ಲಿ ಮದುವೆಗೆ ಮೊದಲು ಗುಗ್ಗಳ ಆಗಬೇಕು. ವೀರಭದ್ರನ ಹೆಸರಿನಲ್ಲಿ ಬೆಂಕಿ ಉರಿಯುವ ಕೊಡಗಳನ್ನು ಹೊತ್ತು, ಊರು ಸುತ್ತಿ, ಮದುವೆ ಮನೆಗೆ ಬರುವುದು ಗುಗ್ಗಳ. ಅದರ ಮುಂದೆ ಕತ್ತಿ ಹಿಡಿದು ಕುಣಿಯುತ್ತ, ದಕ್ಷನ ಯಜ್ಞ ಹಾಳಾದ ಕತೆಯನ್ನು ಒದರಿ ಹೇಳುವವನು ಪುರವಂತ. ಬೇರೆ ಊರುಗಳ ಪುರವಂತರು ವೀರಭದ್ರನ ಹಿತ್ತಾಳೆಯ ಮುಖವನ್ನು ಎದೆಗೆ ಕಟ್ಟಿಕೊಳ್ಳುತ್ತಾರೆ. ಕಾಕಾನ ಮನೆತನದವರು ಮುಖಕ್ಕೇ ಕಟ್ಟಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಸಮಾಳ ಎಂಬ ಜೋಡಿ ವಾದ್ಯ ಬಾರಿಸುವವನು ನಾನು. ಅಣ್ಣಿಗೇರಿಯ ಕಾಳಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಗುಗ್ಗಳ ಇದ್ದ ದಿನ ಮಾಲಕರ ಕೈಯಲ್ಲಿ ಬೈಸಿಕೊಂಡು ರಜೆ ಹಾಕುತ್ತಿದ್ದೆ.

ಗಿರಣಿಯಲ್ಲಿ ಅವನನ್ನು ನೋಡಿದವರು ಇವನೇ ಪುರವಂತ ಎಂದರೆ ನಂಬುತ್ತಿರಲಿಲ್ಲ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು. ದನಿ ಎಷ್ಟು ಸಣ್ಣದೆಂದರೆ ಗಿರಣಿಯ ಸದ್ದಿನಲ್ಲಿ ಅವನೇನಂದ ಎಂಬುದನ್ನು ಹೆಂಗಸರು ತುಟಿ ನೋಡಿ ತಿಳಿದುಕೊಳ್ಳಬೇಕು. ಪಾಳಿಗಾಗಿ ಅವರವರಲ್ಲೇ ಜಗಳ ಹತ್ತಿದರೆ ಕೈ ಎತ್ತಿ, "ಹಂಗ ಒದರಬ್ಯಾಡ್ರೆವಾ, ಕಾಳು ಅಂಜತಾವು" ಎನ್ನುತ್ತಿದ್ದ. ಅಷ್ಟಕ್ಕೇ ಜಗಳ ನಗೆಯಾಗುತ್ತಿತ್ತು. ನಾಯಿ ಕಂಡರಂತೂ ದಾರಿ ಬಿಟ್ಟು ಹೊಲಕ್ಕೆ ಇಳಿಯುವ ಮನುಷ್ಯ. "ಇಂಥಾವರ ಮಾರಿ ಮ್ಯಾಲ ವೀರಭದ್ರ ಹ್ಯಾಂಗ ಕುಂದರತಾನೋ ಏನೋ" ಎಂದು ಶಾಂತವ್ವ ಎಲ್ಲರೆದುರೇ ಚಾಷ್ಟಿ ಮಾಡಿದರೆ ಅವನೂ ಅವರ ಜೊತೆ ನಗುತ್ತಿದ್ದ.

ಆ ಹಿತ್ತಾಳೆಯ ಮುಖವನ್ನು ಮುಖವಾಡ ಎಂದರೆ ಮಾತ್ರ ಅವನಿಗೆ ಸೇರುತ್ತಿರಲಿಲ್ಲ. "ಮುಖವಾಡ ಅನ್ನೂದು ಹೋಳಿಹುಣ್ಣಿವಿ ಸೋಗಿನವರದು. ಇದು ಮೊಗ" ಎಂದು ತಿದ್ದುತ್ತಿದ್ದ. ಮೊಗ ಅವನ ಮುತ್ತ್ಯಾನ ಕಾಲದ್ದು. ಉಬ್ಬಿದ ಕಣ್ಣು, ಕಿವಿಯವರೆಗೆ ತಿರುವಿದ ಮೀಸೆ, ತುಟಿಯ ಅಂಚಿನಲ್ಲಿ ಕೋರೆಹಲ್ಲು, ಹಣೆಯ ಮೇಲೊಂದು ಸಣ್ಣ ಲಿಂಗ. ಗುಗ್ಗಳದ ಹಿಂದಿನ ದಿನ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತ ಕೂತರೆ ಅವನಿಗೆ ಊಟದ ನೆನಪಿರುತ್ತಿರಲಿಲ್ಲ. ಒಳಗೆ ಶಾಂತವ್ವನ ಹಳೆಯ ಸೀರೆಯ ಮೆತ್ತನೆಯ ತುಂಡೊಂದನ್ನು ಹೊಲಿದಿದ್ದ. ಆದರೂ ಬೇಸಿಗೆಯ ಬಿಸಿಲಿಗೆ ಹಿತ್ತಾಳೆ ಕಾದು ಹಣೆ ಸುಡುತ್ತಿತ್ತು.

ಮೊಗಕ್ಕೆ ಅದರದೇ ಕಟ್ಟಳೆಗಳಿದ್ದವು. ಗುಗ್ಗಳ ಮಾಡಿಸುವ ಮನೆಯ ಹಿರಿಯನೇ ಹಿಂದೆ ನಿಂತು ಅದರ ದಾರ ಕಟ್ಟಬೇಕು. ಕಟ್ಟುವ ಮೊದಲು ನೆರೆದವರಿಗೆಲ್ಲ ಕೇಳುವ ಹಾಗೆ, "ಪುರವಂತರ, ಯಾರ ಮ್ಯಾಲರ ನಿಮ್ಮ ಸಿಟ್ಟೈತೇನ್ರಿ?" ಎಂದು ಕೇಳಬೇಕು. ಪುರವಂತ "ಇಲ್ಲರಿ" ಎನ್ನಬೇಕು. ತನ್ನ ಸಿಟ್ಟು ಇಟ್ಟುಕೊಂಡವನು ಮೊಗ ಕಟ್ಟುವಂತಿಲ್ಲ. ದೇವರ ಸಿಟ್ಟು, ಮನುಷ್ಯನ ಸಿಟ್ಟು ಒಂದರೊಳಗೊಂದು ಬೆರೆತರೆ ಕೈಯಲ್ಲಿರುವ ಕತ್ತಿ ಯಾರದು ಎಂದು ಹೇಳುವವರಾರು? ಪುರವಂತ "ಐತಿ" ಎಂದರೆ ಆ ಮನೆಯ ಗುಗ್ಗಳ ಅಲ್ಲಿಗೇ ನಿಂತಿತು, ಸಿಟ್ಟು ಬಗೆಹರಿಯುವ ತನಕ ಮದುವೆಯೂ ಇಲ್ಲ. ಕಟ್ಟಿದ ಮೇಲೆ ಅವನನ್ನು ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ. ಕತೆಯ ಕೊನೆಯಲ್ಲಿ ದಕ್ಷನಿಗೆ ಟಗರಿನ ತಲೆ ಇಟ್ಟು, ಕ್ಷಮಿಸಿ, ಮನೆಯವರನ್ನು ಹರಸಿದ ನಂತರ, ಕಟ್ಟಿದ ಕೈಯೇ ಬಿಚ್ಚಬೇಕು. ಅಲ್ಲಿಯವರೆಗೆ ಒಂದು ಗುಟುಕು ನೀರೂ ಇಲ್ಲ.

ಮೊಗ ಕಟ್ಟಿದನೆಂದರೆ ಆ ಸಣ್ಣ ದನಿ ಎಲ್ಲಿ ಹೋಗುತ್ತಿತ್ತೋ. ಹಿತ್ತಾಳೆಯೊಳಗಿನಿಂದ ಬರುವ ಮಾತಿಗೆ ನಾನೇ ಸಮಾಳದ ಪೆಟ್ಟು ತಪ್ಪಿದ್ದುಂಟು. ಒಮ್ಮೆ ಯರಗುಪ್ಪಿಯ ಕಡೆ ಗುಗ್ಗಳಕ್ಕೆ ಹೋದಾಗ ದೊಡ್ಡದೊಂದು ನಾಯಿ ಎದುರು ನಿಂತು ಗುರುಗುಟ್ಟಿತು. ಕಾಕಾ ಕತ್ತಿ ಎತ್ತಿ ಒಂದೇ ಹೆಜ್ಜೆ ಮುಂದಿಟ್ಟ ನೋಡಿ, ನಾಯಿ ಬಾಲ ಮುದುರಿಕೊಂಡು ಗೋಡೆ ಹಾರಿತು. ಎಲ್ಲ ಮುಗಿದು, ಮೊಗ ಬಿಚ್ಚಿ, ಊಟಕ್ಕೆ ಕೂತಾಗ ಅದೇ ನಾಯಿ ಪಡಸಾಲೆಗೆ ಬಂತು. ಕಾಕಾ ತಾಟು ಬಿಟ್ಟು ನನ್ನ ಬೆನ್ನ ಹಿಂದೆ ಸೇರಿಕೊಂಡ. "ಆಗ ಓಡ್ಸಿದ್ಯಲ್ಲೋ ಕಾಕಾ" ಎಂದೆ. "ಆಗ ಓಡ್ಸಿದಾಂವ ಅಂವ. ಈಗ ನೀ ಓಡಸಲೇ" ಎಂದ. ದೇವರನ್ನು ಅವನು ಯಾವಾಗಲೂ "ಅಂವ" ಎಂದೇ ಕರೆಯುತ್ತಿದ್ದದ್ದು, ಪಕ್ಕದ ಮನೆಯವನ ಹಾಗೆ.

ಅವರಿಗೆ ಒಬ್ಬಳೇ ಮಗಳು, ನೀಲಾ. ಅಪ್ಪನ ಹಾಗಲ್ಲ, ಬಾಯಿ ಜೋರು. ಅವಳು ಗಿರಣಿಯಲ್ಲಿ ತಕ್ಕಡಿ ಹಿಡಿದು ನಿಂತರೆ ಯಾರೂ ಪಾಳಿ ತಪ್ಪಿಸುತ್ತಿರಲಿಲ್ಲ. "ಅಪ್ಪಾ, ಸಿಟ್ಟೆಲ್ಲಾ ಆ ಹಿತ್ತಾಳಿಗೆ ಕೊಟ್ಟಿ, ಉಳಿದದ್ದು ನನಗ ಕೊಟ್ಟಿ, ನಿನಗೇನ ಇಟಗೊಂಡಿ?" ಎಂದು ಕೇಳುತ್ತಿದ್ದಳು. ಹಳ್ಳದ ಆಚೆ, ನವಲಗುಂದದ ಕಡೆಗೆ ಇರುವ ಊರಿನ ಶಿವನಗೌಡನ ಮಗನಿಗೆ ಅವಳನ್ನು ಕೊಟ್ಟರು. ಆ ಮನೆಯ ಗುಗ್ಗಳ ಹಿಂದಿನಿಂದಲೂ ಕಾಕಾನ ಮನೆತನದ್ದೇ. ಆದರೆ ಮಗಳ ಮದುವೆಯಲ್ಲಿ ತಂದೆ ಮೊಗ ಕಟ್ಟುವಂತಿಲ್ಲವಲ್ಲ, ಬೇರೆ ಊರಿನ ಪುರವಂತ ಬಂದ. ಕಾಕಾ ಜನರ ನಡುವೆ ಕೈ ಮುಗಿದು ನಿಂತಿದ್ದ. ಆಮೇಲೆ ನನ್ನ ಪಕ್ಕಕ್ಕೆ ಬಂದು, "ಈ ಕಡಿಂದ ಎಂದೂ ನೋಡಿರಲಿಲ್ಲಲೇ ಈರಪ್ಪಾ. ಭಾಳ ಅಂಜಿಕಿ ಬರ್ತೈತಿ. ಇಷ್ಟ ದಿನಾ ನಾನೂ ಮಂದಿನ್ನ ಹಿಂಗ ಅಂಜಿಸಿದ್ನೇನು?" ಎಂದ. ಕಣ್ಣಲ್ಲಿ ನೀರಿತ್ತು. ಮಗಳು ಹೋಗುತ್ತಾಳೆಂದು ಅಳುತ್ತಿದ್ದಾನೆ ಎಂದುಕೊಂಡೆ.

ನೀಲಾ ಬದುಕಿದ್ದು ಆಮೇಲೆ ಕೆಲವೇ ವರ್ಷ. ಮಕ್ಕಳಾಗಲಿಲ್ಲ ಎಂಬ ಮಾತು ಆ ಮನೆಯಲ್ಲಿ ಮೊದಲು ಪಿಸುಮಾತಾಗಿತ್ತು, ಆಮೇಲೆ ಬೈಗುಳವಾಯಿತು. ಒಂದು ಮುಂಜಾನೆ ಆ ಊರಿನಿಂದ ಸೈಕಲ್ ಮೇಲೆ ಆಳು ಬಂದ. ಗಿರಣಿ ನಡೆದಿತ್ತು. "ಸ್ಟೋ ಭಗ್ ಅಂತಂತರಿ. ಚಾ ಮಾಡಾಕ ಹೋಗಿದ್ರಂತ" ಎಂದ. ಸದ್ದಿನಲ್ಲಿ ಕಾಕಾನಿಗೆ ಕೇಳಿಸಲಿಲ್ಲ. ಆಳು ಅದನ್ನೇ ಮತ್ತೆ ಒದರಿ ಹೇಳಬೇಕಾಯಿತು. ಗಿರಣಿ ಬಂದ್ ಮಾಡುವುದನ್ನೂ ಮರೆತು, ಹಿಟ್ಟು ಮೆತ್ತಿದ ಮೈಯಲ್ಲೇ ಕಾಕಾ ಹಳ್ಳ ದಾಟಿ ಓಡಿದ.

ನಾವು ಶಾಂತವ್ವನನ್ನು ಕೂಡಿಸಿಕೊಂಡು ಚಕ್ಕಡಿಯಲ್ಲಿ ಮುಟ್ಟುವುದರೊಳಗೆ ಅಲ್ಲಿ ಎಲ್ಲ ತಯಾರಾಗಿತ್ತು. ಮಣ್ಣಿಗೆ ಒಯ್ಯುವ ಮುಂಚೆ ಹೆತ್ತವರಿಗೆ ಮುಖ ತೋರಿಸಬೇಕು. ಅವರು ತೋರಿಸಲಿಲ್ಲ. "ಬ್ಯಾಡ್ರಿ ಬೀಗರ, ನೋಡಬ್ಯಾಡ್ರಿ. ಮೊದಲಿನ ಮಾರೀನ ನೆನಪಿರ್ಲಿ" ಎಂದು ಶಿವನಗೌಡ ಕಾಕಾನ ಹೆಗಲು ಒತ್ತಿ ಕೂಡಿಸಿದ. ಆ ಮನೆಯಲ್ಲಿ ಸ್ಟೋ ಇರಲೇ ಇಲ್ಲ. ಯುಗಾದಿಗೆ ತವರಿಗೆ ಬಂದಾಗ ನೀಲಾ ತಾಯಿಯ ಮುಂದೆ 'ಒಲೆಯ ಹೊಗೆಗೆ ಕಣ್ಣು ಹೋಗುತ್ತಿವೆ, ಸ್ಟೋ ತರಿಸಿರಿ ಎಂದರೆ ನಗುತ್ತಾರೆ' ಎಂದು ಹೇಳಿದ್ದಳು. ಶಾಂತವ್ವ ಅಂಗಳದಲ್ಲಿ ನಿಂತು, "ಎಲ್ಲೈತಿ ಆ ಸ್ಟೋ? ಸುಟ್ಟದ್ದರ ತೋರಸರಿ" ಎಂದು ಕೂಗಿದಳು. ಯಾರೂ ತೋರಿಸಲಿಲ್ಲ. ಪೊಲೀಸರು ಬಂದು ಹೋದರಂತೆ. ಹಿರಿಯರು ಕೂತು, ಆದದ್ದು ಆತು ಎಂದರು. ಸತ್ತವಳು ಸೊಸೆಯಾಗಿದ್ದರೆ ನಮ್ಮ ಹಿರಿಯರು ಈ ಮಾತನ್ನು ಬಹಳ ಲಗೂನ ಹೇಳುತ್ತಾರೆ.

ಊರು ಕಾಕಾನ ಸಿಟ್ಟಿಗಾಗಿ ಕಾದಿತು. ಕತ್ತಿ ಹಿಡಿದು ಬೀಗರ ಮನೆಗೆ ನುಗ್ಗುತ್ತಾನೆ ಎಂದವರಿದ್ದರು, ಕೋರ್ಟಿಗೆ ಹೋಗುತ್ತಾನೆ ಎಂದವರಿದ್ದರು. ಅವನು ಗಿರಣಿಗೆ ಹೋದ. ಜೋಳ ಹಾಕಿದ, ಹಿಟ್ಟು ತುಂಬಿದ, ಮೊದಲಿಗಿಂತ ಮಾತು ಕಡಿಮೆ, ಅಷ್ಟೇ. "ಹಿತ್ತಾಳಿ ಮಾರಿಗಷ್ಟ ಸಿಟ್ಟು, ತೊಗಲಿನ ಮಾರಿಗೆಲ್ಲಿಂದ ಬರಬೇಕು" ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ನಾನು ಅಲ್ಲಿಂದ ಎದ್ದು ಬಂದೆ. ಆದರೆ ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೆ ಹಾಗೆಯೇ ಅನಿಸಿತ್ತು.

ಮುಂದಿನ ಬೇಸಿಗೆಗೆ ಶಿವನಗೌಡ ತಾನೇ ನಮ್ಮೂರಿಗೆ ಬಂದ. ಎಲೆ, ಅಡಿಕೆ, ಅಕ್ಕಿ ಇಟ್ಟ ತಟ್ಟೆ ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತ.

"ಹುಡುಗಂದು ಮತ್ತ ಲಗ್ನ ಗೊತ್ತಾಗೇತ್ರಿ. ನಮ್ಮ ಮನಿ ಗುಗ್ಗಳಾ ನಿಮ್ಮ ಮನೆತನದ್ದು. ನೀವು ಬರ್ದಿದ್ರ ದೇವರು ಒಪ್ಪೂದಿಲ್ಲ" ಎಂದ.

ದೇವರ ಚಿಂತೆ ಎಷ್ಟಿತ್ತೋ ಏನೋ, ಬೇರೆ ಪುರವಂತನನ್ನು ಕರೆದರೆ ಜನ ಯಾಕೆಂದು ಕೇಳುತ್ತಾರಲ್ಲ, ಅವನ ನಿಜವಾದ ಸಂಕಟ ಅದು. ನಾನು ಅಲ್ಲೇ ಇದ್ದೆ. ಆ ತಟ್ಟೆ ಕಸಿದು ಬೀದಿಗೆ ಒಗೆಯಬೇಕೆನಿಸಿತು. ಕಾಕಾ ಕೈಯ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡು ತಟ್ಟೆ ಇಸಿದುಕೊಂಡ.

ಶಾಂತವ್ವ ಆ ದಿನ ಒಲೆ ಹಚ್ಚಲಿಲ್ಲ. "ಮಗಳನ್ನ ತಿಂದ ಮನಿಗೆ ಹರಸಾಕ ಹೊಂಟೀರೇನು? ನಿಮಗ ರಗತಾ ಐತ್ಯೋ ಇಲ್ಲೋ?" ಎಂದು ಹಣೆ ಬಡಿದುಕೊಂಡಳು. ಸಮಾಳ ಬಾರಿಸಲು ಬರುವುದಿಲ್ಲ ಎಂದು ನಾನೂ ಕಡ್ಡಿ ಮುರಿದ ಹಾಗೆ ಹೇಳಿದೆ. ಅವನು ಜಗಲಿಯ ಮೇಲೆ ಮೊಗ ತಿಕ್ಕುತ್ತ ಕೂತಿದ್ದ. ತಲೆ ಎತ್ತದೆ ಸಣ್ಣ ದನಿಯಲ್ಲಿ ಹೇಳಿದ.

"ಕಟ್ಟೂಕಿಂತ ಮೊದಲ ಆ ಗೌಡ ಕೇಳಬೇಕಲ್ಲಲೇ, ಯಾರ ಮ್ಯಾಲರ ಸಿಟ್ಟೈತೇನು ಅಂತ. ಎಲ್ಲಾರ ಮುಂದ, ಅಂವನ ಬಾಯಿಂದ ಕೇಳಬೇಕು. ಪೊಲೀಸರು ಕೇಳಲಿಲ್ಲ, ಹಿರ್ಯಾರು ಕೇಳಲಿಲ್ಲ. ಇದೊಂದ ಜಾಗಾದಾಗ ಕೇಳದ ಗತಿ ಇಲ್ಲ. ಐತಿ ಅಂತೀನಿ. ಯಾಕ ಐತಿ ಅಂತನೂ ಹೇಳ್ತೀನಿ."

ಶಾಂತವ್ವ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಇಷ್ಟು ದಿನ ಅವನು ಗಿರಣಿಯ ಸದ್ದಿನಲ್ಲಿ ಕೂತು ಏನು ಯೋಚಿಸುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು. ನಾನು ಒಳಗೆ ಹೋಗಿ ಸಮಾಳ ತಂದು, ತೊಗಲು ಬಿಗಿಯಲೆಂದು ಬಿಸಿಲಿಗೆ ಇಟ್ಟೆ.

ಗುಗ್ಗಳದ ದಿನ ಆ ಊರಿನ ವೀರಭದ್ರನ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮದುವೆ ನೋಡಲು ಬಂದವರಿಗಿಂತ ಕಾಕಾನನ್ನು ನೋಡಲು ಬಂದ ಜನವೇ ಹೆಚ್ಚು. ಕೊಡಗಳಲ್ಲಿ ಬೆಂಕಿ ಉರಿಯುತ್ತಿತ್ತು. ಅಳಿಯ ಬಾಸಿಂಗ ಕಟ್ಟಿಕೊಂಡು ನೆಲ ನೋಡುತ್ತ ನಿಂತಿದ್ದ. ಅವನ ಪಕ್ಕದಲ್ಲಿ ಅರಿಷಿಣ ಮೆತ್ತಿದ ಮದುಮಗಳು, ಕಸ್ತೂರಿ ಅಂತ, ಕುಂದಗೋಳದ ಆಚೆಯ ಹುಡುಗಿ. ತಾಯಿ ಇಲ್ಲ. ಬಾಗಿದ ಬೆನ್ನಿನ ಮುದುಕ ತಂದೆಯೊಬ್ಬ ಅವಳ ಹಿಂದೆ, ಇಷ್ಟು ದೊಡ್ಡ ಮನೆ ಸಿಕ್ಕಿತೆಂಬ ಸಂತೋಷದಲ್ಲಿ, ಸಿಕ್ಕವರಿಗೆಲ್ಲ ಕೈ ಮುಗಿಯುತ್ತಿದ್ದ. ಹುಡುಗಿಗೆ ಈ ಮನೆಯ ಹಿಂದಿನದನ್ನು ಯಾರೂ ಹೇಳಿದ ಹಾಗಿರಲಿಲ್ಲ. ಅವಳ ಕಣ್ಣು ಕಾಕಾನ ಕೈಯಲ್ಲಿದ್ದ ಮೊಗದ ಮೇಲಿತ್ತು. ಆ ಕೋರೆಹಲ್ಲು ನೋಡಿ ಅಂಜಿ, ಸಣ್ಣ ಮಗುವಿನ ಹಾಗೆ ಅರ್ಧ ಹೆಜ್ಜೆ ಹಿಂದೆ ಸರಿದಳು.

ಕಾಕಾ ಅದನ್ನು ನೋಡಿದ. ಮೊಗವನ್ನು ತಿರುಗಿಸಿ ತನ್ನ ಎದೆಯ ಕಡೆಗೆ ಮಾಡಿಕೊಂಡ, ಅವಳಿಗೆ ಕಾಣದ ಹಾಗೆ.

ಶಿವನಗೌಡ ಹಿಂದೆ ಬಂದು ನಿಂತ. ಗಂಟಲು ಸರಿಮಾಡಿಕೊಂಡ. "ಪುರವಂತರ, ಯಾರ ಮ್ಯಾಲರ ನಿಮ್ಮ ಸಿಟ್ಟೈತೇನ್ರಿ?" ಎಂದು ಕೇಳುವಾಗ ಅವನ ದನಿ ಎರಡು ಸಲ ಒಡೆಯಿತು.

ಕಾಕಾ ಬಾಯಿ ತೆರೆದ. ಹುಡುಗಿಯ ಕಡೆ ನೋಡಿದ. ಮುದುಕನ ಕಡೆ ನೋಡಿದ. ಬೆಂಕಿಯಲ್ಲಿ ಏನೋ ಸಿಡಿಯಿತು. ಹೇಳು ಕಾಕಾ, ಹೇಳು ಎಂದು ನನ್ನ ಜೀವ ಒದ್ದಾಡುತ್ತಿತ್ತು.

"ಇಲ್ಲರಿ" ಎಂದ. "ಕಟ್ರಿ."

ನಾನು ಹೇಗೆ ಬಾರಿಸಿದೆನೋ ನನಗೆ ಗೊತ್ತಿಲ್ಲ. ಮೊಗ ಏರಿತು, ಗುಗ್ಗಳ ಹೊರಟಿತು. ಶಿವನಗೌಡನ ಮನೆಯ ಅಂಗಳದಲ್ಲಿ, ನೀಲಾಳ ಹೆಣ ಇಟ್ಟಿದ್ದ ಅದೇ ಜಾಗದಲ್ಲಿ ನಿಂತು ಅವನು ಕತೆ ಹೇಳಿದ. ದಾಕ್ಷಾಯಣಿ ಕರೆಯದ ಮನೆಗೆ ಹೋದದ್ದು, ಅವಮಾನವಾದದ್ದು, ಬೆಂಕಿಗೆ ಬಿದ್ದದ್ದು. ಬೆಂಕಿಯ ಭಾಗವನ್ನು ಅವನು ಯಾವಾಗಲೂ ಓಡಿಸಿಕೊಂಡು ಹೇಳುವವನು. ಅವತ್ತು ಒಂದೊಂದೇ ಮಾತನ್ನು ನಿಲ್ಲಿಸಿ ಹೇಳಿದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ವೀರಭದ್ರ ಹುಟ್ಟಿ ಬಂದ, ದಕ್ಷನ ತಲೆ ಹಾರಿತು. ಅಲ್ಲಿಗೆ ಅವನು ನಿಂತುಬಿಟ್ಟ. ಕತ್ತಿ ಎತ್ತಿದ ಕೈ ಮೇಲೇ ಇತ್ತು, ಪದ್ಧತಿಯ ಪ್ರಕಾರ ಶಿವನಗೌಡ ಅವನ ಕಾಲ ಬಳಿ ಬಗ್ಗಿಕೊಂಡಿದ್ದ. ಎಷ್ಟು ಹೊತ್ತೋ. ಮೊಗದ ಕೆಳಗಿನಿಂದ ಬೆವರು ಅವನ ಎದೆಯ ಮೇಲೆ ಇಳಿಯುತ್ತಿತ್ತು. ಆಮೇಲೆ ಕೈ ಇಳಿಯಿತು. ದಕ್ಷನಿಗೆ ಟಗರಿನ ತಲೆ ಬಂತು. ಕ್ಷಮೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿ, ಬಗ್ಗಿದ ತಲೆಯ ಮೇಲೆ ಕೈ ಇಟ್ಟು, ಮದುಮಕ್ಕಳನ್ನು ಹರಸಿದ.

ಮೊಗ ಬಿಚ್ಚುತ್ತ ಶಿವನಗೌಡ ಅಳತೊಡಗಿದ. ಹೆದರಿಕೆ ಹೋದ ಸಮಾಧಾನದ ಅಳು. ಕಾಕಾನ ಎರಡೂ ಕೈ ಹಿಡಿದುಕೊಂಡು, "ಬೀಗರ, ಭಾಳ ದೊಡ್ಡ ಮನಸು ಮಾಡಿದ್ರಿ. ಕ್ಷಮಾ ಮಾಡಿದ್ರಿ" ಎಂದ.

ಕಾಕಾ ಕೈ ಬಿಡಿಸಿಕೊಂಡ. "ಕ್ಷಮಾ ಮಾಡಿದಾಂವ ಅಂವರಿ" ಎಂದ, ಗಿರಣಿಯಲ್ಲಿ ಮಾತಾಡುವ ಅದೇ ಸಣ್ಣ ದನಿಯಲ್ಲಿ. "ನಾ ಮಾಡಿಲ್ಲ. ನಾ ಮಾಡೂದಿಲ್ಲ."

ಹತ್ತಿರವಿದ್ದ ನನಗೂ ಶಿವನಗೌಡನಿಗೂ ಬಿಟ್ಟರೆ ಅದು ಯಾರಿಗೂ ಕೇಳಿಸಲಿಲ್ಲ. ಅಲ್ಲಿ ಊಟ ಮಾಡದೆ, ನೀರೂ ಕುಡಿಯದೆ ಹೊರಟೆವು. ಹಳ್ಳದವರೆಗೆ ನಾನು ಸಿಟ್ಟಿನಲ್ಲಿ ಅವನಿಗಿಂತ ಮುಂದೆ ಮುಂದೆ ನಡೆದೆ. ಹಳ್ಳಕ್ಕೆ ಇಳಿದಾಗ ತಡೆಯಲಾಗದೆ, ಯಾಕೆ ಹಾಗಂದೆ ಎಂದು ಕೇಳಿದೆ.

"ಅರಿಷಿಣ ಹಚ್ಚಿದ ಹುಡುಗಿಲೇ" ಎಂದ. "ನಾ ಐತಿ ಅಂದಿದ್ರ ಗುಗ್ಗಳಾ ನಿಲ್ತಿತ್ತು. ಗುಗ್ಗಳಾ ನಿಂತ ಹುಡುಗಿನ್ನ ಮತ್ತ ಯಾರ ತಗೋತಿದ್ರು? ಆ ಮುದುಕ ಅಲ್ಲೇ ಸಾಯತಿದ್ದ." ನೀರಲ್ಲಿ ನಿಂತು ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. "ಖರೆ, ಇಲ್ಲ ಅಂದು ಆಕಿನ್ನ ಆ ಮನಿಗೆ ಕಳಿಸಿದಾಂವನೂ ನಾನ ಅಲ್ಲೇನು?"



ಅವತ್ತೇ ಸಂಜೆ ಅವನು ಮೊಗವನ್ನು ನಮ್ಮೂರ ಗುಡಿಗೆ ಒಯ್ದು ದೇವರ ಬಾಜು ಇಟ್ಟುಬಿಟ್ಟ. ಸುಳ್ಳು ಹೇಳಿ ಕಟ್ಟಿದ್ದೇನೆ, ಇನ್ನು ಇದು ನನ್ನ ಮುಖಕ್ಕೆ ಬರಬಾರದು ಎಂದ. ಪೂಜಾರಿ ಕೇಳಿದ, ಹಿರಿಯರು ಕೇಳಿಕೊಂಡರು, ತಪ್ಪುಕಾಣಿಕೆ ಕೊಟ್ಟು ಮತ್ತೆ ಕಟ್ಟಿದರಾಯಿತು ಎಂದರು. ಅವನು ಒಪ್ಪಲಿಲ್ಲ. ಅವನಿಗೆ ಗಂಡುಮಕ್ಕಳಿಲ್ಲ, ದಾಯಾದಿಗಳಿಗೆ ಪುರವಂತ ಒದರಿ ಹೇಳುವ ಒಡಪು ಬಾಯಿಗೆ ಬರುವುದಿಲ್ಲ. ಅಂದಿನಿಂದ ನಮ್ಮೂರ ಗುಗ್ಗಳಗಳಲ್ಲಿ ಮೊಗವನ್ನು ಹರಿವಾಣದಲ್ಲಿಟ್ಟುಕೊಂಡು ಹೋಗುತ್ತಾರೆ. ನನ್ನ ಸಮಾಳವೂ ಗೂಟಕ್ಕೆ ಸೇರಿತು.

ನಮ್ಮಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ, ಕಾಕಾ ಗಿರಣಿಯನ್ನೂ ನಡೆಸುತ್ತಿರಲಿಲ್ಲ. ಆ ಮದುವೆಯ ನಂತರದ ಸೋಮವಾರ ಅವನು ಮುಂಜಾನೆಯೇ ಎದ್ದು ಹಳ್ಳ ದಾಟಿ ಹೋದ. ಮುಂದಿನ ಸೋಮವಾರವೂ ಹೋದ. ಎಲ್ಲಿಗೆ ಎಂದರೆ, "ಸುಮ್ಮನ, ಹಿಂಗ" ಎನ್ನುತ್ತಿದ್ದ. ಒಮ್ಮೆ ನಾನೂ ಬೆನ್ನು ಹತ್ತಿದೆ. ಅವನು ಶಿವನಗೌಡನ ಊರಿಗೆ ಹೋಗಿ, ಕುಡಿಯುವ ನೀರಿನ ಬಾವಿಗೆ ಎದುರಾಗಿ ಬೇವಿನ ಕಟ್ಟೆಯ ಮೇಲೆ ಕೂತ. ಹೆಂಗಸರು ಬಂದರು, ಹೋದರು. ಬಿಸಿಲು ಏರಿತು. ಕೊನೆಗೆ ಕೊಡ ಹಿಡಿದು ಕಸ್ತೂರಿ ಬಂದಳು. ನೀರು ಸೇದಿದಳು, ಕೊಡ ಹೊತ್ತಳು, ನಡೆದಳು. ಅವಳು ಓಣಿಯಲ್ಲಿ ಮರೆಯಾಗುವ ತನಕ ಕಾಕಾ ಅವಳ ಮುಖ, ಕೈ, ನಡಿಗೆ ಎಲ್ಲ ನೋಡಿದ.

"ಅದಾಳ" ಎಂದು ಎದ್ದ. "ನಡಿ, ಹೋಗೂಣು."

ಶಿವನಗೌಡನ ಮನೆಯವರಿಗೆ ಇದು ಗೊತ್ತಾಗದೆ ಇರಲಿಲ್ಲ. ಅಳಿಯ ಒಮ್ಮೆ ಬಂದು, "ಯಾಕ ಬಂದು ಕುಂದರ್ತೀರಿ?" ಎಂದು ಜೋರು ಮಾಡಿದ. "ಕಟ್ಟಿ ಊರಂದಲ್ಲೇನ್ರಿ?" ಎಂದನಂತೆ ಕಾಕಾ. ಅವನು ಬೈಯಲಿಲ್ಲ, ಶಾಪ ಹಾಕಲಿಲ್ಲ, ಅವರ ಮನೆಯ ಕಡೆ ಹೋಗಲೂ ಇಲ್ಲ. ಹುಬ್ಬುಗಳ ನಡುವೆ ತಗ್ಗು ಬಿದ್ದ ಆ ಬರಿ ಮುಖ ಪ್ರತಿ ಸೋಮವಾರ ಊರ ನಡುವೆ ಕೂತಿರುತ್ತಿತ್ತು. ಯಾಕೆ ಕೂತಿದೆ ಎಂದು ಆ ಊರಿಗೆ ಗೊತ್ತಿತ್ತು. ಹಿತ್ತಾಳೆಯ ಮುಖಕ್ಕೆ ಅಂಜಿದವರು ದಿನ ಮುಗಿದರೆ ಮರೆಯುತ್ತಾರೆ. ಇದಕ್ಕೆ ಅವರು ವಾರವೆಲ್ಲ ಅಂಜಿದರು ಎಂದೇ ನಾನು ನಂಬಿದ್ದೇನೆ. ಕಸ್ತೂರಿಯೊಡನೆ ಕಾಕಾ ಎಂದೂ ಮಾತಾಡಲಿಲ್ಲ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿ ದಾಟಲಾಗದಿದ್ದರೆ ಈ ದಂಡೆಯ ಕೆಸರಿನಲ್ಲೇ ಕೊಡೆ ಹಿಡಿದು ಕೂರುತ್ತಿದ್ದ. ಅಲ್ಲಿಂದ ಆ ಊರಿನ ಒಂದು ಗಿಡವೂ ಕಾಣುತ್ತಿರಲಿಲ್ಲ. ಅವತ್ತು ರಾತ್ರಿ ಊಟ ಸೇರುವುದಿಲ್ಲ ಎಂದು ಶಾಂತವ್ವ ಹೇಳುತ್ತಿದ್ದಳು.

ಹೀಗೆ ವರ್ಷಗಳು ಹೋದವು. ಕಸ್ತೂರಿಯ ಕಂಕುಳಲ್ಲಿ ಒಂದು ಕೂಸು ಬಂತು. ಗಿರಣಿಯ ದೂಳು ಕಾಕಾನ ಎದೆಯಲ್ಲಿ ಕೂತು ಕೆಮ್ಮು ಹತ್ತಿತು, ಆಮೇಲೆ ಹಾಸಿಗೆ. ಕೊನೆಯ ಕೆಲವು ವಾರ ಅವನ ಬದಲು ನಾನು ಹೋಗಿ ಆ ಕಟ್ಟೆಯ ಮೇಲೆ ಕೂತು ಬಂದೆ. ನಾನು ಬಾಗಿಲಿಗೆ ಬರುವ ಮೊದಲೇ ಅವನ ಕಣ್ಣು ನನ್ನ ಮೇಲಿರುತ್ತಿತ್ತು. "ಅದಾಳ ಕಾಕಾ" ಎಂದರೆ ರೆಪ್ಪೆ ಮುಚ್ಚುತ್ತಿದ್ದ. ಅವನ ಜೊತೆ ನಾನಾಡಿದ ಕೊನೆಯ ಮಾತೂ ಅದೇ. ಗುರುವಾರ ನಸುಕಿನಲ್ಲಿ ತೀರಿಕೊಂಡ.

ಪುರವಂತ ಸತ್ತರೆ ಸಮಾಧಿಗೆ ಒಯ್ಯುವ ಮೊದಲು ಅವನ ಮುಖಕ್ಕೆ ಒಂದು ಗಳಿಗೆ ಮೊಗ ಇಡುವುದು ಪದ್ಧತಿ. ಪೂಜಾರಿ ಗುಡಿಯಿಂದ ತಂದಿದ್ದ. ಶಾಂತವ್ವ ಅಡ್ಡ ನಿಂತಳು. "ಇಡಬ್ಯಾಡ್ರಿ, ಇವರ ಬ್ಯಾಡ ಅಂದಾರ. ನನ್ನ ಮಗಳ ಮಾರಿ ನೋಡಾಕ ಸಿಗಲಿಲ್ಲ. ಇವರದರ ಕಾಣಲಿ" ಎಂದಳು. ಪೂಜಾರಿ ಮೊಗ ತಿರುಗಿ ಒಯ್ದ. ಕಾಕಾ ತನ್ನ ಮುಖದಲ್ಲೇ ಹೋದ.

ಮುಂದಿನ ಸೋಮವಾರ ನಾವು ಅವನ ಮನೆಯ ಮುಂದೆ ಕೂತಿದ್ದೆವು. ಏರು ಬಿಸಿಲಿನಲ್ಲಿ ಹಳ್ಳದ ದಾರಿಯಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಜೋಳದ ಬುಟ್ಟಿ, ಮೊಣಕಾಲಿನವರೆಗೆ ಸೀರೆ ಒದ್ದೆ. ನಾನು ಗುರುತು ಹಿಡಿದು ಎದ್ದು ನಿಂತೆ. ಶಾಂತವ್ವ ಅವಳನ್ನು ಎಂದೂ ನೋಡಿದವಳಲ್ಲ.

"ಬೀಸಾಕ ಬಂದೇನವಾ? ಗಿರಣಿ ಮುಚ್ಚೇತಿ. ಬೀಸಾವರು ಹ್ವಾದ್ರು" ಎಂದಳು.

"ಗೊತ್ತೈತ್ರಿ. ಬೀಸಾಕ ಹೊಂಟೀನಿ ಅಂತ ಮನ್ಯಾಗ ಸುಳ್ಳ ಹೇಳಿ ಬಂದೀನಿ" ಎಂದಳು ಅವಳು. ಬುಟ್ಟಿ ಇಳಿಸಿ, ಉಸಿರು ಬಿಟ್ಟು, ಕೂಸನ್ನು ಇನ್ನೊಂದು ಕಡೆಗೆ ಎತ್ತಿಕೊಂಡಳು. "ನಾ ಕಸ್ತೂರಿರಿ, ಹಳ್ಳದ ಆಚಿಕಡಿಯಾಕಿ. ಇವತ್ತ ಸೋಮವಾರ ಅಲ್ರಿ. ನೀರಿಗೆ ಹ್ವಾದೆ, ಕಟ್ಟಿ ಮ್ಯಾಲ ಯಾರೂ ಇರಲಿಲ್ಲ. ನಾ ಅದೀನಿ ಅಂತ ಹೇಳಿ ಹೋಗೂಣು ಅಂತ ಬಂದೆ."